ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಮೊದಲು ಹೊಂದಿಸಿ ನೋಡಿ, ಆಮೇಲೆ ಬದಲಿಸಿ

ಕಲಬುರಗಿಯಲ್ಲಿ ಕ್ಲಚ್ ಇರುವ ಗಾಡಿ ಕೆಟ್ಟರೆ ಯಾವ ಗ್ಯಾರೇಜಿಗೆ ಹೋದರೂ ಕೆಲಸ ಆಗುತ್ತದೆ. ಹಳೆಯ ಆಟೋಮ್ಯಾಟಿಕ್ ಕೆಟ್ಟರೆ ಬಾನೆಟ್ ಎತ್ತುವ ಮೊದಲೇ ತೀರ್ಪು ಬಂದುಬಿಡುತ್ತದೆ: "ಗೇರ್‌ಬಾಕ್ಸ್ ಹೋಗ್ಯಾದ್ರೀ, ಹೈದರಾಬಾದಿನಿಂದ ತರಿಸಬೇಕಾಗ್ತದ." ಮೊಣಕಾಲು ನೋವೆಂದು ಸೆಕೆಂಡ್ ಹ್ಯಾಂಡ್ ಹೊಂಡಾ ಸಿಟಿಯೋ ಸ್ಯಾಂಟ್ರೋವೋ ಕೊಂಡ ನಿವೃತ್ತ ಮೇಷ್ಟ್ರು ಖರ್ಚಿನ ಲೆಕ್ಕ ಕೇಳಿ ಗಾಡಿಯನ್ನೇ ಮಾರಿಬಿಡುತ್ತಾರೆ. ಹೀಗೆ ತೀರ್ಪಿಗೆ ಒಳಗಾದ ಗೇರ್‌ಬಾಕ್ಸ್‌ಗಳಲ್ಲಿ ಎಷ್ಟೋ ಎಣ್ಣೆ ಬದಲಿಸಿದರೆ, ಒಂದು ಕೇಬಲ್ ಬಿಗಿ ಮಾಡಿದರೆ, ಇಲ್ಲವೇ ಹರಿದ ಎಂಜಿನ್ ಮೌಂಟ್ ಹೊಸದು ಹಾಕಿದರೆ ಸರಿಹೋಗುವಂಥವು. ಅದಕ್ಕೇ ಇಲ್ಲಿ ಹೇಳುವ ಕ್ರಮ ಅಗ್ಗದ ಕೆಲಸದಿಂದ ದುಬಾರಿ ಕೆಲಸದ ಕಡೆಗೆ ಹೋಗುತ್ತದೆ. ನಡುವೆ ಯಾವ ಹಂತವನ್ನೂ ಹಾರಿಸಬೇಡಿ.

ಮೊದಲು ನಿಮ್ಮದು ಯಾವ ಜಾತಿಯ ಆಟೋಮ್ಯಾಟಿಕ್ ಎಂದು ಖಚಿತ ಮಾಡಿಕೊಳ್ಳಿ. ಮಾರುತಿ ಝೆನ್ ಆಟೋಮ್ಯಾಟಿಕ್‌ನಲ್ಲಿ ಮೂರು ಗೇರ್, ಹಳೆಯ ಸ್ಯಾಂಟ್ರೋದಲ್ಲಿ ನಾಲ್ಕು, 2008ರ ನಂತರದ ಮೂರನೇ ತಲೆಮಾರಿನ ಹೊಂಡಾ ಸಿಟಿಯಲ್ಲಿ ಐದು. ಇವೆಲ್ಲ ಟಾರ್ಕ್ ಕನ್ವರ್ಟರ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ ಇರುವವು, ಇಲ್ಲಿ ಹೇಳುವುದೆಲ್ಲ ಇವುಗಳಿಗೆ. 2003ರಲ್ಲಿ ಬಂದ ಎರಡನೇ ತಲೆಮಾರಿನ ಸಿಟಿಯ ಆಟೋಮ್ಯಾಟಿಕ್ ಸಿವಿಟಿ. ಅದರೊಳಗೆ ಉಕ್ಕಿನ ಬೆಲ್ಟು, ಪುಲ್ಲಿ ಇರುತ್ತವೆ, ಅದರ ಎಣ್ಣೆಯೂ ಪರೀಕ್ಷೆಯೂ ಬೇರೆ. 2014ರ ಸೆಲೆರಿಯೋದಿಂದ ಶುರುವಾದ ಎಎಂಟಿಯಲ್ಲಿ ಇರುವುದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ಚನ್ನು ಕಾಲಿನ ಬದಲು ಯಂತ್ರ ಒತ್ತುತ್ತದೆ ಅಷ್ಟೇ. ಆ ಎರಡನ್ನೂ ಇಲ್ಲಿ ಬಿಟ್ಟಿದ್ದೇನೆ.

ಎಣ್ಣೆಯಿಂದ ಶುರು

"ಉಸ್ತಾದ್, ಮುಂಜಾನೆ ಗಾಡಿ ಎಳಿವಲ್ದು ನೋಡ್ರೀ."
"ಗೇರ್ ಎಣ್ಣಿ ಯಾವಾಗ ಬದಲಿ ಮಾಡೀರಿ?"
"ಆಟೋಮ್ಯಾಟಿಕ್‌ಗೆ ಎಣ್ಣಿ ಬದಲಿ ಇಲ್ಲ, ಲೈಫ್‌ಟೈಮ್ ಅಂತ ಮಾರಿದವರು ಹೇಳಿದ್ರಲ್ರೀ."

ಈ ಲೈಫ್‌ಟೈಮ್ ಮಾತಿನಿಂದ ಹಾಳಾದಷ್ಟು ಗೇರ್‌ಬಾಕ್ಸ್ ಬೇರೆ ಯಾವುದರಿಂದಲೂ ಹಾಳಾಗಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಗೇರ್‌ಬಾಕ್ಸಿನ ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತುವುದು, ಕನ್ವರ್ಟರಿನಲ್ಲಿ ಶಕ್ತಿ ದಾಟಿಸುವುದು, ಬಿಸಿ ಹೊರಗೆ ಒಯ್ಯುವುದು ಎಲ್ಲವೂ ಈ ಎಣ್ಣೆಯದೇ ಕೆಲಸ. ಬೇಸಿಗೆಯಲ್ಲಿ 42-43 ಡಿಗ್ರಿ ಕಾಣುವ ಊರಿನಲ್ಲಿ ಅದು ಬೇಗ ಸಾಯುತ್ತದೆ.

ಮಟ್ಟ ನೋಡುವುದಕ್ಕೂ ಒಂದು ರೀತಿ ಇದೆ. ಗಾಡಿಯನ್ನು ಹದಿನೈದು-ಇಪ್ಪತ್ತು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ, ಸಮನಾದ ನೆಲದಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿಕೊಂಡು ಲಿವರನ್ನು ಪಿ-ಯಿಂದ ಕೊನೆಯವರೆಗೆ ಎಲ್ಲ ಸ್ಥಾನದಲ್ಲೂ ಎರಡೆರಡು ಸೆಕೆಂಡು ನಿಲ್ಲಿಸಿ ಮತ್ತೆ ಪಿ-ಗೆ ತನ್ನಿ. ಟೊಯೋಟಾದಲ್ಲಿ, ಹಳೆಯ ಮಾರುತಿಯಲ್ಲಿ ಎಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ಎಳೆದು ನೋಡಬೇಕು. ಹೊಂಡಾದಲ್ಲಿ ಎಂಜಿನ್ ಆರಿಸಿ, 60ರಿಂದ 90 ಸೆಕೆಂಡಿನೊಳಗೆ ನೋಡಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ, ಇಲ್ಲವೇ ತಣ್ಣಗಿರುವಾಗ ನೋಡಿ ಕಡಿಮೆ ಇದೆ ಎಂದು ತುಂಬಿಸಿದರೆ, ಬಿಸಿಯಾದಾಗ ಎಣ್ಣೆ ಹಿಗ್ಗಿ, ತಿರುಗುವ ಭಾಗಗಳಿಗೆ ತಾಗಿ ನೊರೆಯಾಗುತ್ತದೆ. ನೊರೆ ಎಣ್ಣೆಯಲ್ಲಿ ಒತ್ತಡ ನಿಲ್ಲುವುದಿಲ್ಲ. ಎಣ್ಣೆ ಕಡಿಮೆಯಾದಾಗ ಗಾಡಿ ಹೇಗೆ ಜಾರುತ್ತದೋ, ಜಾಸ್ತಿಯಾದಾಗಲೂ ಹಾಗೇ ಜಾರುತ್ತದೆ.

ಡಿಪ್‌ಸ್ಟಿಕ್ ಒರೆಸಲು ಬನಿಯನ್ ವೇಸ್ಟ್ ಬೇಡ. ಅದರ ಒಂದೊಂದು ಎಳೆಯೂ ಟ್ಯೂಬಿನೊಳಗೆ ಇಳಿದು, ಎಣ್ಣೆಯ ಒತ್ತಡ ಹಂಚುವ, ಕೂದಲಿನಷ್ಟು ಸಂದು ಇರುವ ವಾಲ್ವ್ ಬಾಡಿಯಲ್ಲಿ ಸಿಕ್ಕಿಕೊಳ್ಳಬಹುದು. ಎಳೆ ಬಿಡದ ಪೇಪರ್ ಟವೆಲ್ಲಿನಲ್ಲಿ ಒರೆಸಿ, ಎರಡನೇ ಸಲ ಎಳೆದಾಗ ಬಂದ ಹನಿಯನ್ನು ಬಿಳಿ ಕಾಗದದ ಮೇಲೆ ಬಿಡಿ. ಕೆಂಪಾಗಿದ್ದರೆ ಸರಿ. ಕಂದಾದರೂ ವಾಸನೆ ಮಾಮೂಲಾಗಿದ್ದರೆ ಬದಲಿಸುವ ಹೊತ್ತು ಮೀರಿದೆ ಎಂದರ್ಥ. ಕಪ್ಪಾಗಿ, ಸುಟ್ಟ ವಾಸನೆ ಬಂದರೆ ಪ್ಲೇಟುಗಳು ಸುಟ್ಟಿವೆ. ರಂಜಾನಿನಲ್ಲಿ ರೂಹ್ ಅಫ್ಜಾ ಬೆರೆಸಿಕೊಡುವ ಹಾಲಿನ ಬಣ್ಣ ಕಂಡರೆ ರೇಡಿಯೇಟರಿನ ಒಳಗಿರುವ ಎಣ್ಣೆ ಕೂಲರ್ ಒಡೆದು ಕೂಲೆಂಟ್ ಗೇರ್‌ಬಾಕ್ಸಿಗೆ ಬಂದಿದೆ. ಆಗ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ. ಪ್ಲೇಟಿನ ಮೇಲಿನ ಪದರ ನೀರಿಗೆ ಅಂಟು ಬಿಟ್ಟು ಕಿತ್ತು ಬರುತ್ತದೆ.

ಯಾವ ಎಣ್ಣೆ ಹಾಕಬೇಕು ಎನ್ನುವುದು ಡಿಪ್‌ಸ್ಟಿಕ್ಕಿನ ಮೇಲೆ ಅಥವಾ ಕೈಪಿಡಿಯಲ್ಲಿ ಬರೆದಿರುತ್ತದೆ. ಮೂರನೇ ತಲೆಮಾರಿನ ಸಿಟಿಯಂಥ ಹೊಂಡಾಗಳಿಗೆ ಆಗ ಜಡ್-1 ಇತ್ತು, ಅದರ ಜಾಗಕ್ಕೆ ಬಂದದ್ದು ಡಿಡಬ್ಲ್ಯು-1. ಹಳೆಯ ನಾಲ್ಕು ಗೇರಿನ ಹ್ಯುಂಡೈಗಳಿಗೆ ಎಸ್‌ಪಿ-3, ಹಳೆಯ ಕೊರೊಲಾಗಳಿಗೆ ಟೈಪ್ ಟಿ-4. ಎಲ್ಲ ಕೆಂಪಗೇ ಇರುತ್ತವೆ, ಆದರೆ ಪ್ಲೇಟ್ ಹಿಡಿಯುವ ಗುಣ ಬೇರೆ ಬೇರೆ. ಪವರ್ ಸ್ಟೀರಿಂಗಿಗೆ ತಂದು ಉಳಿದ ಡಬ್ಬಿಯನ್ನು ಇದಕ್ಕೆ ಸುರಿಯುವುದು ನಮ್ಮ ಕಡೆ ನಡೆಯುತ್ತಲೇ ಇರುತ್ತದೆ. ಬೇಡ.

ಡ್ರೇನ್ ಪ್ಲಗ್ ಬಿಚ್ಚಿದರೆ ಇರುವ ಎಣ್ಣೆ ಅಷ್ಟೂ ಇಳಿಯುವುದಿಲ್ಲ, ಬಹಳಷ್ಟು ಕನ್ವರ್ಟರಿನಲ್ಲೇ ಉಳಿಯುತ್ತದೆ. 6 ಲೀಟರ್ ಹಿಡಿಯುವ ಗೇರ್‌ಬಾಕ್ಸಿನಿಂದ 3 ಲೀಟರ್ ಇಳಿಯಿತು ಎಂದಿಟ್ಟುಕೊಳ್ಳಿ: ಒಮ್ಮೆ ಬದಲಿಸಿದರೆ ಅರ್ಧ ಹೊಸದು, ಎರಡನೇ ಸಲಕ್ಕೆ ಮುಕ್ಕಾಲು, ಮೂರನೇ ಸಲಕ್ಕೆ ಸುಮಾರು 87 ಶೇಕಡಾ. ನಡುನಡುವೆ ಒಂದೆರಡು ದಿನ ಗಾಡಿ ಓಡಿಸಿ ಮೂರು ಸಲ ಮಾಡಿ. ಇಳಿಸಿದ ಎಣ್ಣೆಯನ್ನು ಅಳತೆಯ ಜಾರಿಗೆ ಸುರಿದು ಅಷ್ಟನ್ನೇ ತಣ್ಣಗಿನದು ವಾಪಸ್ ಹಾಕಿ, ಆಮೇಲೆ ಬಿಸಿಯಾದಾಗ ಮಟ್ಟ ನೋಡಿ. ಹಳೆಯ ಗಾಡಿಗೆ ಒತ್ತಡದ ಫ್ಲಶ್ ಮೆಷಿನ್ ನಾನು ಹಚ್ಚುವುದಿಲ್ಲ, ತಳದಲ್ಲಿ ಕೂತ ಕೊಳೆಯನ್ನು ಅದು ವಾಲ್ವುಗಳಿಗೆ ತಳ್ಳುತ್ತದೆ.

ಹೊಂಡಾದ ಡ್ರೇನ್ ಪ್ಲಗ್ಗಿಗೆ ಪಾನಾ ಬೇಕಿಲ್ಲ, ಮಧ್ಯದ ಚೌಕ ತೂತಿಗೆ ಮೂರೆಂಟಂಶ ಇಂಚಿನ ರ‍್ಯಾಚೆಟ್ ನೇರವಾಗಿ ಕೂರುತ್ತದೆ. ವಾಷರ್ ಹೊಸದು ಹಾಕಿ, 49 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಪ್ಲಗ್ಗಿನ ತುದಿಯ ಅಯಸ್ಕಾಂತವನ್ನು ಬೆರಳಿನಿಂದ ಸವರಿ ನೋಡಿ. ಬೂದು ಬಣ್ಣದ ನುಣ್ಣನೆ ಲೇಪ ಸವೆತದ್ದು, ಇದ್ದೇ ಇರುತ್ತದೆ. ಬೆರಳಿಗೆ ಚುಚ್ಚುವ ಚೂರು, ಸೂಜಿಯಂಥ ತುಣುಕು ಸಿಕ್ಕರೆ ಒಳಗೆ ಬೇರಿಂಗೋ ಗೇರೋ ಒಡೆದಿದೆ, ಹೊಂದಾಣಿಕೆಯ ಮಾತು ಅಲ್ಲಿಗೆ ಮುಗಿಯಿತು. ಪ್ಯಾನ್ ಬಿಚ್ಚಿ ಬರುವ ಗೇರ್‌ಬಾಕ್ಸ್‌ಗಳಲ್ಲಿ ಪ್ಯಾನ್ ಇಳಿಸಿ, ಜಾಲರಿ ಫಿಲ್ಟರನ್ನೂ ಬದಲಿಸಿ.

ಹೊಸ ಎಣ್ಣೆ ಹಾಕಿದರೆ ಹಳೆಯ ಗೇರ್‌ಬಾಕ್ಸ್ ಸಾಯುತ್ತದೆ ಎನ್ನುವ ಮಾತು ಕೇಳಿರುತ್ತೀರಿ. ಹಾಗೆ ಸತ್ತದ್ದು ಮೊದಲೇ ಸುಟ್ಟ ಪ್ಲೇಟಿನ ಗೇರ್‌ಬಾಕ್ಸ್. ಎಣ್ಣೆ ಬದಲಿಸಿದ ದಿನ ಸತ್ತಿತು ಎಂದು ಎಣ್ಣೆಯ ಮೇಲೆ ಹಾಕುತ್ತಾರೆ.

ಗೇರ್‌ಬಾಕ್ಸ್ ಅಲ್ಲದ ಗೇರ್‌ಬಾಕ್ಸ್ ತೊಂದರೆ

ಡಿ-ಗೆ ಹಾಕಿದಾಗ ಧಡ್ ಎನ್ನುವುದು, ಗೇರ್ ಬದಲಾದಾಗ ಹೊಡೆತ ಬರುವುದು ಎಷ್ಟೋ ಸಲ ಎಂಜಿನ್ ಮೌಂಟಿನ ರಬ್ಬರ್ ಹರಿದದ್ದರಿಂದ. ಬಾನೆಟ್ ಎತ್ತಿ, ಒಬ್ಬರು ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು ಡಿ, ಆರ್ ಎಂದು ಬದಲಿಸಲಿ, ಇನ್ನೊಬ್ಬರು ಗಾಡಿಯ ಮುಂದೆ ನಿಲ್ಲದೆ ಪಕ್ಕದಿಂದ ನೋಡಲಿ. ಎಂಜಿನ್ ಎದ್ದು ಕೂತಂತೆ ಕುಪ್ಪಳಿಸಿದರೆ ಮೌಂಟ್ ಬದಲಿಸಿ, ಆಮೇಲೆ ಮಾತಾಡೋಣ. ಐಡಲ್ ಜಾಸ್ತಿ ಇದ್ದರೂ ಇದೇ ಹೊಡೆತ. ಸ್ಪಾರ್ಕ್ ಪ್ಲಗ್ ಕೆಟ್ಟು ಎಂಜಿನ್ ಒಂದು ಸಿಲಿಂಡರ್ ಬಿಟ್ಟು ಓಡುತ್ತಿದ್ದರೆ ಗೇರ್‌ಬಾಕ್ಸ್ ನಡುಗಿದಂತೆ ಅನಿಸುತ್ತದೆ.

ಡ್ಯಾಶ್‌ಬೋರ್ಡಿನಲ್ಲಿ ಡಿ ದೀಪ ಅಥವಾ ಓಡಿ (ಓವರ್‌ಡ್ರೈವ್) ದೀಪ ಮಿಣುಕುತ್ತಿದ್ದರೆ ಕಂಪ್ಯೂಟರ್ ದೋಷದ ಕೋಡ್ ಬರೆದಿಟ್ಟಿದೆ. ಸ್ಕ್ಯಾನರ್ ಹಚ್ಚಿ ಓದಿ. ಸೊಲೆನಾಯ್ಡ್ (ಎಣ್ಣೆಯ ದಾರಿ ತೆರೆದು ಮುಚ್ಚುವ ವಿದ್ಯುತ್ ವಾಲ್ವ್) ಎಂದು ಬಂದರೆ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರಿನಲ್ಲಿ ಅಳೆಯಿರಿ. ಆನ್-ಆಫ್ ಜಾತಿಯ ಶಿಫ್ಟ್ ಸೊಲೆನಾಯ್ಡುಗಳು ಸಾಮಾನ್ಯವಾಗಿ 11ರಿಂದ 25 ಓಮ್ ನಡುವೆ ತೋರಿಸುತ್ತವೆ. ಸೊನ್ನೆಯೋ ಅನಂತವೋ ಬಂದರೆ ಅದೊಂದನ್ನೇ ಬದಲಿಸಬಹುದು. ಅಂದಹಾಗೆ, ಧಾನ್ಯದ ಗೋದಾಮಿನ ಪಕ್ಕ ಗಾಡಿ ನಿಲ್ಲಿಸುವವರು ಮೊದಲು ವೈರ್ ನೋಡಿ. ಇಲಿ ಕಡಿದ ಒಂದು ತಂತಿಗೂ ಗೇರ್‌ಬಾಕ್ಸ್ ಮೂರನೇ ಗೇರಿನಲ್ಲೇ ನಿಂತುಬಿಡುವುದುಂಟು.

ಕೇಬಲ್‌ಗಳು

ಹಳೆಯ ಮೂರು-ನಾಲ್ಕು ಗೇರಿನ ಗಾಡಿಗಳಲ್ಲಿ ಥ್ರಾಟಲ್ ಬಾಡಿಯಿಂದ ಗೇರ್‌ಬಾಕ್ಸಿನೊಳಕ್ಕೆ ಒಂದು ಕೇಬಲ್ ಹೋಗುತ್ತದೆ. ಕಿಕ್‌ಡೌನ್ (ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಯುವುದು) ಕೇಬಲ್ ಎನ್ನುತ್ತಾರೆ, ಆದರೆ ಅದರ ಕೆಲಸ ಕಿಕ್‌ಡೌನ್‌ಗಿಂತ ದೊಡ್ಡದು. ನೀವು ಎಷ್ಟು ಒತ್ತಿದಿರಿ ಎನ್ನುವುದರ ಮೇಲೆ ಒಳಗಿನ ಒತ್ತಡವನ್ನೂ ಅದೇ ಹೇಳುತ್ತದೆ. ಸಡಿಲವಿದ್ದರೆ ಗೇರ್ ಬೇಗ ಬೇಗ, ಮೆತ್ತಗೆ ಬೀಳುತ್ತದೆ. ಓಡಿಸುವವರಿಗೆ ಹಿತ, ಆದರೆ ಒತ್ತಡ ಕಡಿಮೆಯಾಗಿ ಪ್ಲೇಟುಗಳು ಜಾರಿ ಸುಡುತ್ತವೆ. ಬಿಗಿ ಜಾಸ್ತಿಯಾದರೆ ಎಂಜಿನ್ ಅರಚಿದ ಮೇಲೆ ಹೊಡೆತದೊಂದಿಗೆ ಬೀಳುತ್ತದೆ.

ಎಂಜಿನ್ ಆರಿಸಿ, ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡಿರಲಿ. ಥ್ರಾಟಲ್ ನಿಜವಾಗಿ ಪೂರ್ತಿ ತೆರೆದಿದೆಯೇ ನೋಡಿ. ಕಾಲಡಿಯ ಮ್ಯಾಟ್ ಅಡ್ಡ ಬಂದು ಮುಕ್ಕಾಲಿಗೇ ನಿಂತಿರುವುದು ಸಾಮಾನ್ಯ. ಈಗ ಹೊರ ಕೇಬಲ್ಲಿನ ತುದಿಯ ರಬ್ಬರಿಗೂ ಒಳತಂತಿಗೆ ಒತ್ತಿದ ಪುಟ್ಟ ಲೋಹದ ಗುಬ್ಬಿಗೂ ನಡುವಿನ ಅಂತರ ಅಳೆಯಿರಿ. ಟೊಯೋಟಾದಲ್ಲಿ ಇದು 0ರಿಂದ 1 ಮಿಲಿಮೀಟರ್ ಇರಬೇಕು. ಬೇರೆ ಕಂಪನಿಯದಾದರೆ ಕೈಪಿಡಿಯ ಅಂಕಿ. ಎರಡು ಲಾಕ್‌ನಟ್ ಸಡಿಲಿಸಿ ಹೊಂದಿಸಿ, ಬಿಗಿ ಮಾಡಿ, ಓಡಿಸಿ ನೋಡಿ. ಒಂದು ಸಲಕ್ಕೆ ಒಂದು ಮಿಲಿಮೀಟರಿಗಿಂತ ಹೆಚ್ಚು ಬದಲಿಸಬೇಡಿ.

ಇನ್ನೊಂದು ಲಿವರಿನ ಕೇಬಲ್. ಲಿವರ್ ಡಿ ತೋರಿಸುತ್ತಿದ್ದರೂ ಒಳಗಿನ ವಾಲ್ವ್ ಎನ್ ಮತ್ತು ಡಿ ನಡುವೆ ಅರೆಬರೆ ನಿಂತಿದ್ದರೆ ಒತ್ತಡ ಸೋರುತ್ತದೆ. ಲಿವರನ್ನು ಎನ್‌ಗೆ ಹಾಕಿ, ಕೇಬಲ್ ನಟ್ ಸಡಿಲಿಸಿ, ಗೇರ್‌ಬಾಕ್ಸಿನ ಮೇಲಿನ ತೋಳನ್ನೂ ಎನ್ ಸ್ಥಾನಕ್ಕೆ ತಂದು ಬಿಗಿ ಮಾಡಿ. ಅಲ್ಲೇ ಇರುವ ಇನ್ಹಿಬಿಟರ್ ಸ್ವಿಚ್ಚಿನ ಗೆರೆಯನ್ನೂ ಹೊಂದಿಸಿ. ಎಂಜಿನ್ ಪಿ, ಎನ್‌ಗಳಲ್ಲಿ ಮಾತ್ರ ಸ್ಟಾರ್ಟ್ ಆಗಬೇಕು, ಆರ್‌ನಲ್ಲಿ ಮಾತ್ರ ಹಿಂದಿನ ಬಿಳಿ ದೀಪ ಹತ್ತಬೇಕು.

ತೀರ್ಪು ಕೊಡುವ ಎರಡು ಪರೀಕ್ಷೆ

ಇಷ್ಟಾದರೂ ತೊಂದರೆ ಇದ್ದರೆ, ಬಿಸಿ ಗಾಡಿಯಲ್ಲಿ, ಐಡಲಿನಲ್ಲಿ, ಎನ್‌ನಿಂದ ಡಿ-ಗೆ ಹಾಕಿ ಎಳೆತ ಗೊತ್ತಾಗುವವರೆಗಿನ ಹೊತ್ತನ್ನು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಅಳೆಯಿರಿ. ಟೊಯೋಟಾದ ಲೆಕ್ಕದಲ್ಲಿ 1.2 ಸೆಕೆಂಡಿನೊಳಗೆ ಬರಬೇಕು, ಎನ್‌ನಿಂದ ಆರ್‌ಗೆ 1.5 ಸೆಕೆಂಡಿನೊಳಗೆ. ಪ್ರತಿ ಸಲದ ನಡುವೆ ಒಂದು ನಿಮಿಷ ಬಿಟ್ಟು ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಎರಡನೆಯದು ಸ್ಟಾಲ್ ಪರೀಕ್ಷೆ. ನಾಲ್ಕೂ ಚಕ್ರಕ್ಕೆ ಅಡ್ಡಗಲ್ಲು, ಹ್ಯಾಂಡ್‌ಬ್ರೇಕ್, ಎಡಗಾಲಲ್ಲಿ ಬ್ರೇಕ್ ಪೂರ್ತಿ, ಗಾಡಿಯ ಮುಂದೆ ಹಿಂದೆ ಯಾರೂ ಇಲ್ಲ. ಡಿ-ಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಆರ್‌ಪಿಎಂ ಎಲ್ಲಿ ನಿಂತಿತು ನೋಡಿ ತಕ್ಷಣ ಕಾಲು ತೆಗೆಯಿರಿ. 5 ಸೆಕೆಂಡ್ ದಾಟಬಾರದು. ಆಮೇಲೆ ಎನ್‌ನಲ್ಲಿ ಒಂದೆರಡು ನಿಮಿಷ ತಣಿಯಲು ಬಿಟ್ಟು ಆರ್‌ನಲ್ಲಿ ಮಾಡಿ. ಪೆಟ್ರೋಲ್ ಗಾಡಿಗಳಲ್ಲಿ ಸಾಮಾನ್ಯವಾಗಿ 2000ದಿಂದ 2800ರ ನಡುವೆ ಬರುತ್ತದೆ, ನಿಖರ ಅಂಕಿ ಕೈಪಿಡಿಯಲ್ಲಿರುತ್ತದೆ. ಎರಡರಲ್ಲೂ ಕಡಿಮೆ ಬಂದರೆ ಎಂಜಿನ್ ಸೊರಗಿದೆ ಅಥವಾ ಕನ್ವರ್ಟರಿನ ಒಳಗಿನ ಒನ್‌ವೇ ಕ್ಲಚ್ ಹೋಗಿದೆ. ಎರಡರಲ್ಲೂ ಜಾಸ್ತಿ ಬಂದರೆ ಒತ್ತಡ ಕಡಿಮೆ: ಎಣ್ಣೆ, ಫಿಲ್ಟರ್, ಪಂಪ್ ಈ ಕ್ರಮದಲ್ಲಿ ನೋಡಿ. ಡಿ-ಯಲ್ಲಿ ಮಾತ್ರ ಜಾಸ್ತಿಯಾದರೆ ಮುಂದಿನ ಕ್ಲಚ್ ಪ್ಯಾಕ್, ಆರ್‌ನಲ್ಲಿ ಮಾತ್ರವಾದರೆ ಹಿಂಗೇರಿನದು. ಕೊನೆಯ ಎರಡರಲ್ಲಿ ಯಾವುದೇ ಬಂದರೂ ಗೇರ್‌ಬಾಕ್ಸ್ ಇಳಿಸಲೇಬೇಕು.

ಬದಲಿಗೆ ಹುಡುಕುವುದು

ಒಳಗಿನ ಪ್ಲೇಟು, ಸೀಲುಗಳ ಕಿಟ್ ಸಿಕ್ಕರೆ, ಬಿಚ್ಚಿ ಜೋಡಿಸುವ ಕೈ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಸಿಕ್ಕರೆ ಓವರ್‌ಹಾಲ್ ಒಳ್ಳೆಯದು. ಇಲ್ಲದಿದ್ದರೆ ಗುಜರಿಯ ಗೇರ್‌ಬಾಕ್ಸ್. ಹುಮನಾಬಾದಿನಲ್ಲಿ ಹೆದ್ದಾರಿ 65 ಹಿಡಿದರೆ ಹೈದರಾಬಾದು ಹತ್ತಿರ, ಬೀದರಿನವರಿಗಂತೂ ಇನ್ನೂ ಹತ್ತಿರ. ಫೋನಿನಲ್ಲಿ ಮಾತಾಡಿ ಬಸ್ಸಿಗೆ ಹಾಕಿಸಿಕೊಳ್ಳಬೇಡಿ, ಖುದ್ದಾಗಿ ಹೋಗಿ.

ಗೇರ್‌ಬಾಕ್ಸಿನ ಮೇಲೆ ಒತ್ತಿದ ಕೋಡ್ ನಿಮ್ಮದರ ಜೊತೆ ತಾಳೆಯಾಗಬೇಕು. ಹೊರಗಿನಿಂದ ಒಂದೇ ಥರ ಕಂಡರೂ ಒಳಗಿನ ಫೈನಲ್ ಡ್ರೈವ್ (ಚಕ್ರಗಳಿಗೆ ಶಕ್ತಿ ಕೊಡುವ ಕೊನೆಯ ಗೇರ್ ಜೋಡಿ) ಬೇರೆಯಿದ್ದರೆ ಕಂಪ್ಯೂಟರಿನ ಲೆಕ್ಕ ತಪ್ಪುತ್ತದೆ. ಕನೆಕ್ಟರಿನ ಪಿನ್ನುಗಳನ್ನೂ ಎಣಿಸಿ. ಹಿಂದಿನಿಂದ ಗುದ್ದಿಸಿಕೊಂಡ ಗಾಡಿಯದು ಸಿಕ್ಕರೆ ಉತ್ತಮ. ಮುಂದಿನಿಂದ ಗುದ್ದಿದ್ದರ ಬೆಲ್ ಹೌಸಿಂಗಿನ (ಎಂಜಿನ್ನಿಗೆ ಕೂಡುವ ಗಂಟೆಯಾಕಾರದ ಬಾಯಿ) ಕಿವಿಗಳಲ್ಲಿ ಕೂದಲೆಳೆಯ ಬಿರುಕು ಇರಬಹುದು. ಡ್ರೇನ್ ಪ್ಲಗ್ ಬಿಚ್ಚಿಸಿ ಅಯಸ್ಕಾಂತ ನೋಡಿ, ಎಣ್ಣೆ ಮೂಸಿ. ಮಾರುವವರು ಬಿಚ್ಚಲು ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಬಂದಂಥ ನೆರೆಗೆ ಸಿಕ್ಕ ಗಾಡಿಯ ಗೇರ್‌ಬಾಕ್ಸಿಗೆ ಮೇಲಿನ ಬ್ರೀದರ್ ನಳಿಗೆಯಿಂದ ನೀರು ಹೋಗಿರುತ್ತದೆ, ಹಾಲುಬಣ್ಣದ ಎಣ್ಣೆ ಅದನ್ನು ಹೇಳಿಬಿಡುತ್ತದೆ. ಕನ್ವರ್ಟರ್ ಸಮೇತ ತನ್ನಿ. ಬಿಲ್ಲಿನ ಮೇಲೆ ಗೇರ್‌ಬಾಕ್ಸ್ ನಂಬರ್, ಕೂರಿಸಿ ನೋಡಿದ ಮೇಲೆ ವಾಪಸ್ ತೆಗೆದುಕೊಳ್ಳುವ ಗಡುವು ಎರಡನ್ನೂ ಬರೆಸಿ.

ಬೇಸರ ಬಂದು ಆಟೋಮ್ಯಾಟಿಕ್ ತೆಗೆದು ಕೈಗೇರು ಹಾಕಿಸುವ, ಇಲ್ಲವೇ ಅದರ ಉಲ್ಟಾ ಮಾಡುವ ಯೋಚನೆ ಬಿಡಿ. ಪೆಡಲ್, ವೈರಿಂಗ್, ಕಂಪ್ಯೂಟರ್, ಮೌಂಟ್ ಎಲ್ಲ ಬದಲಾಗುತ್ತವೆ. ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. 15 ವರ್ಷ ತುಂಬಿದ ಕೆಎ-32 ಗಾಡಿಯ ಆರ್‌ಸಿ ನವೀಕರಣಕ್ಕೆ ಹೋದಾಗ ಇದೆಲ್ಲ ಎದುರಿಗೆ ಬರುತ್ತದೆ.

ಇಳಿಸುವುದು

ಬ್ಯಾಟರಿ ತಂತಿ ಬಿಚ್ಚಿ, ಗಾಡಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಬರೀ ಜಾಕಿನ ಮೇಲೆ, ಇಟ್ಟಿಗೆಯ ಮೇಲೆ ಇರುವ ಗಾಡಿಯ ಕೆಳಗೆ ಮಲಗಬೇಡಿ. ಶಹಾಬಾದ್ ಕಲ್ಲಿನ ಚಪ್ಪಡಿಯೂ ಬೇಡ, ಅದು ಸೀಳುತ್ತದೆ. ಎಣ್ಣೆ ಇಳಿಸಿ, ಚಕ್ರ, ಆಕ್ಸಲ್ ನಟ್, ಕೆಳಗಿನ ಬಾಲ್ ಜಾಯಿಂಟ್ ಬಿಚ್ಚಿ ಡ್ರೈವ್ ಶಾಫ್ಟುಗಳನ್ನು ಹೊರತೆಗೆಯಿರಿ. ಕನೆಕ್ಟರುಗಳಿಗೆ ಚೀಟಿ ಕಟ್ಟಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಬೆಲ್ ಹೌಸಿಂಗಿನ ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಗೇರ್‌ಬಾಕ್ಸಿನ ಆಕಾರ ಗೀಚಿ, ತೆಗೆದ ಜಾಗದಲ್ಲೇ ಒಂದೊಂದು ಬೋಲ್ಟನ್ನೂ ಚುಚ್ಚಿಡಿ. ಎಂಜಿನ್ನನ್ನು ಮೇಲಿನಿಂದ ಅಡ್ಡಪಟ್ಟಿಗೆ ನೇತುಹಾಕಿ. ಸಬ್‌ಫ್ರೇಮ್ ಬಿಚ್ಚುವ ಮೊದಲು ಅದರ ಜಾಗಕ್ಕೆ ಬಣ್ಣದ ಗೆರೆ ಎಳೆಯಿರಿ, ಇಲ್ಲದಿದ್ದರೆ ಅಲೈನ್‌ಮೆಂಟ್ ಹೋಗುತ್ತದೆ.

ಕನ್ವರ್ಟರನ್ನು ಫ್ಲೆಕ್ಸ್ ಪ್ಲೇಟಿಗೆ (ಎಂಜಿನ್ನಿನ ಹಿಂದಿನ ತೆಳು ತಟ್ಟೆ) ಹಿಡಿದ ಬೋಲ್ಟುಗಳನ್ನು ಪುಟ್ಟ ಕಿಟಕಿಯಿಂದ ಬಿಚ್ಚಬೇಕು. ಮುಂದಿನ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸುತ್ತ ಒಂದೊಂದನ್ನೇ ಕಿಟಕಿಗೆ ತನ್ನಿ. ಕನ್ವರ್ಟರ್ ಗೇರ್‌ಬಾಕ್ಸಿನ ಜೊತೆಗೇ ಇಳಿಯಬೇಕು, ಎಂಜಿನ್ನಿಗೆ ಅಂಟಿಕೊಂಡು ಉಳಿಯಬಾರದು. ಇಳಿದ ಮೇಲೆ ಎಂಜಿನ್ ಹಿಂದಿನ ಸೀಲು, ಆಕ್ಸಲ್ ಸೀಲುಗಳು, ಮೌಂಟುಗಳು ಹೊಸದು ಹಾಕಿ. ಫ್ಲೆಕ್ಸ್ ಪ್ಲೇಟಿನ ಬೋಲ್ಟ್ ತೂತುಗಳ ಸುತ್ತ ಬಿರುಕಿದೆಯೇ ನೋಡಿ.

ಕೂರಿಸುವುದು

ಮೊದಲು ಕೂಲರ್ ತೊಳೆಯಿರಿ. ಹಳೆಯ ಗೇರ್‌ಬಾಕ್ಸ್ ಉಗುಳಿದ ಪ್ಲೇಟಿನ ಪುಡಿ, ಲೋಹದ ಚೂರು ಎಲ್ಲ ರೇಡಿಯೇಟರಿನೊಳಗಿನ ಕೂಲರಿನಲ್ಲೂ ನಳಿಗೆಗಳಲ್ಲೂ ಕೂತಿರುತ್ತವೆ. ತೊಳೆಯದೆ ಹಚ್ಚಿದರೆ ಮೊದಲ ದಿನವೇ ಅವು ಹೊಸದಾಗಿ ಹಾಕಿದ ಗೇರ್‌ಬಾಕ್ಸಿಗೆ ಹೋಗುತ್ತವೆ, ಆಮೇಲೆ "ಗುಜರಿ ಮಾಲು ಖರಾಬ್" ಎಂಬ ಜಗಳ. ಕೂಲರ್ ಕ್ಲೀನರನ್ನು ಎಣ್ಣೆ ಹರಿಯುವುದಕ್ಕೆ ಉಲ್ಟಾ ದಿಕ್ಕಿನಲ್ಲಿ ಬಿಟ್ಟು, ಕಡಿಮೆ ಒತ್ತಡದ ಗಾಳಿ ಊದಿ, ಬಿಳಿ ಬಟ್ಟೆಯ ಮೇಲೆ ಏನೂ ಬೀಳದಷ್ಟು ಸ್ವಚ್ಛವಾಗುವವರೆಗೆ ಮಾಡಿ. ಲೋಹದ ಚೂರು ಕಂಡಿದ್ದರೆ ಅಥವಾ ಕೂಲೆಂಟ್ ಬೆರೆತಿದ್ದರೆ ರೇಡಿಯೇಟರನ್ನೇ ಬದಲಿಸಿ.

ಇನ್ನು ಕನ್ವರ್ಟರ್. ಅದರೊಳಗೆ ಅರ್ಧದಿಂದ ಒಂದು ಲೀಟರ್ ಹೊಸ ಎಣ್ಣೆ ಹಾಕಿ, ಗೇರ್‌ಬಾಕ್ಸಿನ ಬಾಯಿ ಸ್ವಲ್ಪ ಮೇಲೆ ಮಾಡಿ ಶಾಫ್ಟಿನ ಮೇಲೆ ಜಾರಿಸಿ. ಒತ್ತಬೇಡಿ, ಎರಡೂ ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಿರಿ. ಮೊದಲು ಒಂದು ಹಲ್ಲು ಕೂತು ಟಕ್ ಎಂದು ಕೆಳಗಿಳಿಯುತ್ತದೆ, ತಿರುಗಿಸುತ್ತಿದ್ದರೆ ಇನ್ನೊಂದು, ಕೊನೆಗೆ ಪಂಪಿನ ಗೇರು. ಇಲ್ಲಿ ಎರಡು ಟಕ್ಕಿಗೇ ಮುಗಿಯಿತು ಎಂದುಕೊಂಡವರೇ ಹೆಚ್ಚು ಪಂಪ್ ಒಡೆದಿರುವುದು. ಬೆಲ್ ಹೌಸಿಂಗಿನ ಬಾಯಿಗೆ ಅಡ್ಡ ನೇರಪಟ್ಟಿ ಇಟ್ಟು, ಅಲ್ಲಿಂದ ಕನ್ವರ್ಟರಿನ ಬೋಲ್ಟ್ ಕೂರುವ ಜಾಗದವರೆಗಿನ ಆಳ ಅಳೆದು ಕೈಪಿಡಿಗೆ ತಾಳೆ ನೋಡಿ. ಬದಲಿ ಗೇರ್‌ಬಾಕ್ಸಿನಿಂದ ಕನ್ವರ್ಟರ್ ತೆಗೆಯುವ ಮೊದಲೇ ಈ ಆಳವನ್ನು ಅಳೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಎಂಜಿನ್ನಿಗೆ ಸೇರಿಸುವಾಗ ಎರಡೂ ಮುಖಗಳು ಕೈ ಒತ್ತಡಕ್ಕೇ ಕೂಡಬೇಕು. ಸಂದು ಉಳಿದರೆ ಬೋಲ್ಟಿನಿಂದ ಎಳೆಯಬೇಡಿ. ಹಿಂದೆ ತೆಗೆದು ಕನ್ವರ್ಟರನ್ನು ಮತ್ತೆ ನೋಡಿ. ಮುಖಗಳು ಕೂಡಿದ ಮೇಲೆ ಕನ್ವರ್ಟರ್ ಬೆರಳಿನಲ್ಲಿ ಸರಾಗವಾಗಿ ತಿರುಗಬೇಕು, ಫ್ಲೆಕ್ಸ್ ಪ್ಲೇಟಿಗೂ ಅದಕ್ಕೂ ನಡುವೆ ಕೆಲವು ಮಿಲಿಮೀಟರ್ ಸಂದು ಇರಬೇಕು. ಆ ಸಂದನ್ನು ಬೋಲ್ಟುಗಳು ಮುಚ್ಚುತ್ತವೆ. ಟಾರ್ಕ್ ರೆಂಚಿನಲ್ಲಿ, ಎದುರುಬದುರು ಕ್ರಮದಲ್ಲಿ, ಕೈಪಿಡಿಯ ಅಂಕಿಗೆ ಬಿಗಿ ಮಾಡಿ. ಉಳಿದದ್ದೆಲ್ಲ ಬಿಚ್ಚಿದ್ದರ ಉಲ್ಟಾ.

ಮೊದಲ ಸ್ಟಾರ್ಟ್, ಮೊದಲ ಓಟ

ಕನ್ವರ್ಟರ್ ಇನ್ನೂ ಪೂರ್ತಿ ತುಂಬಿಲ್ಲದ್ದರಿಂದ ಈ ಸಲ ಎಣ್ಣೆ ಜಾಸ್ತಿ ಹಿಡಿಯುತ್ತದೆ. ಮೊದಲು 3-4 ಲೀಟರ್ ಹಾಕಿ ಸ್ಟಾರ್ಟ್ ಮಾಡಿ, ಐಡಲಿನಲ್ಲೇ ಬಿಟ್ಟು, ಡಿಪ್‌ಸ್ಟಿಕ್ ನೋಡುತ್ತ ಸ್ವಲ್ಪ ಸ್ವಲ್ಪವೇ ಹಾಕಿ. ಹೊಂಡಾದಲ್ಲಿ ಪ್ರತಿ ಸಲ ಎಂಜಿನ್ ಆರಿಸಿಯೇ ಮಟ್ಟ ನೋಡಿ. ಬ್ರೇಕ್ ಒತ್ತಿ ಎಲ್ಲ ಸ್ಥಾನಗಳಿಗೂ ಲಿವರ್ ತನ್ನಿ. ಕಂಪ್ಯೂಟರಿನ ಹಳೆಯ ಕಲಿಕೆ ಅಳಿಸಬೇಕಾದರೆ ಸ್ಕ್ಯಾನರಿನಲ್ಲಿ ಮಾಡಿ. ಮೊದಲ ಕೆಲವು ದಿನ ಗೇರ್ ಸ್ವಲ್ಪ ಒರಟಾಗಿ ಬಿದ್ದರೆ ಗಾಬರಿ ಬೇಡ.

ಪರೀಕ್ಷೆಗೆ ಮೊದಲು ರಿಂಗ್ ರೋಡಿನ ನಿಂತು-ಹೊರಡುವ ಓಟ, ಆಮೇಲೆ ಹುಮನಾಬಾದ್ ರಸ್ತೆ. ಹಗುರ ಕಾಲಿನಲ್ಲಿ ಒಂದೊಂದು ಗೇರೂ ಬಿದ್ದದ್ದು ಎಣಿಸಿ. 70ರ ಆಸುಪಾಸಿನಲ್ಲಿ ಸಮವಾಗಿ ಓಡಿಸಿ, ಬ್ರೇಕ್ ಪೆಡಲನ್ನು ಎಡಗಾಲಲ್ಲಿ ದೀಪ ಹತ್ತುವಷ್ಟು ಮಾತ್ರ ಮುಟ್ಟಿ: ಆರ್‌ಪಿಎಂ ಒಂದಿಷ್ಟು ಏರಿ, ಕಾಲು ತೆಗೆದಾಗ ಇಳಿದರೆ ಕನ್ವರ್ಟರ್ ಲಾಕಪ್ (ಸಮ ಓಟದಲ್ಲಿ ಕನ್ವರ್ಟರ್ ಜಾರದಂತೆ ಹಿಡಿಯುವ ಕ್ಲಚ್) ಸರಿ ಇದೆ. ವಾಪಸ್ ಬಂದು ಬಿಸಿಯಲ್ಲೇ ಮಟ್ಟ ನೋಡಿ, ಆಕ್ಸಲ್ ಸೀಲು, ಕೂಲರ್ ಕ್ಲಿಪ್, ಬೆಲ್ ಹೌಸಿಂಗಿನ ಕೆಳಗಿನ ಸಂದು ಈ ಮೂರು ಕಡೆ ಕಾಗದ ಒತ್ತಿ ಸೋರಿಕೆ ಹುಡುಕಿ.

ತೊಗರಿ ರಾಶಿಯ ಹೊಟ್ಟು, ವಾಡಿ-ಸೇಡಂ ಕಡೆಯ ಸಿಮೆಂಟಿನ ಧೂಳು ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಹೋಗಿ ಕೂರುತ್ತವೆ, ಮುಂದಿನಿಂದ ನೋಡಿದರೆ ಕಾಣುವುದೇ ಇಲ್ಲ. ಬೇಸಿಗೆ ಶುರುವಾಗುವ ಮೊದಲು ಎಂಜಿನ್ ಕಡೆಯಿಂದ ಮೆತ್ತನೆ ನೀರು ಬಿಟ್ಟು ತೊಳೆಯಿರಿ. ಎಣ್ಣೆ 120 ಡಿಗ್ರಿ ದಾಟಿದರೆ ಒಳಗೆ ಅಂಟು ಕಟ್ಟಲು ಶುರುವಾಗುತ್ತದೆ. ಹೆದ್ದಾರಿ ಓಟ ಜಾಸ್ತಿ ಇರುವವರು ರೇಡಿಯೇಟರಿನಿಂದ ಗೇರ್‌ಬಾಕ್ಸಿಗೆ ಮರಳುವ ನಳಿಗೆಯಲ್ಲಿ ಒಂದು ಹೆಚ್ಚುವರಿ ಕೂಲರ್ ಹಚ್ಚಿಸಿ. ಅದರ ಜೊತೆಗೇ ಸಣ್ಣ ಇನ್‌ಲೈನ್ ಫಿಲ್ಟರ್ ಕೂಡ ಹಾಕಿಸಿದರೆ, ಗೇರ್‌ಬಾಕ್ಸ್ ಕೂರಿಸಿ 1000 ಕಿಲೋಮೀಟರ್ ಆದ ಮೇಲೆ ಎಣ್ಣೆ ಬದಲಿಸುವಾಗ ಅದನ್ನು ಸೀಳಿ ನೋಡಿ, ಒಳಗೆ ಏನು ಸವೆಯುತ್ತಿದೆ ಎಂದು ತಿಳಿಯಬಹುದು.